ಎಡಗಾಲಿನ ಬೂಟು

ಖಡಕಿಯ ನಮ್ಮ ಓಣಿಯಲ್ಲಿ
ಅದನ್ನು ಯಾರೂ ಬೂಟೆನ್ನುತ್ತಿರಲಿಲ್ಲ,
ಸಾಯ್ಬ ಎನ್ನುತ್ತಿದ್ದರು.
ಬಾಗಿಲ ಮೇಲೆ, ನಿಂಬೆಹಣ್ಣು ಮೆಣಸಿನಕಾಯಿಯ ಪಕ್ಕ
ತಲೆಕೆಳಗಾಗಿ ತೂಗುತ್ತಿತ್ತು
ಮನೆಗೆ ದೃಷ್ಟಿ ತಾಗದಿರಲೆಂದು.

ಎಡಗಾಲಿನದು. ಅಟ್ಟೆಗೆ ಅಡ್ಡಡ್ಡ ಬಡಿದ
ಮೂರು ತೊಗಲಿನ ಪಟ್ಟಿ, ಕೆಸರಲ್ಲಿ ಜಾರದಿರಲು.
ಬಡಿದವನು ನನ್ನ ಮುತ್ತಜ್ಜ ತಿಪರಾಯ,
ಅಥಣಿ ಬಿಟ್ಟು ಪಲ್ಟಣಿಯ ಬೆನ್ನು ಹತ್ತಿ ಬಂದವ.
ಮೆಟ್ಟಿದವನು ಲೆಫ್ಟಿನೆಂಟ್ ಥರ್ಲೋ,
ಸಫರ್‌ಮೈನಾ ಪಲ್ಟಣಿಯ ಇಂಜಿನಿಯರು.
ಹಗಲೆಲ್ಲ ಮುಳಾ ನದಿಗೆ ಹಗ್ಗ ಇಳಿಬಿಟ್ಟು
ಆಳ ಬರೆದುಕೊಳ್ಳುವುದು,
ಬಿಸಿಲು ಇಳಿದದ್ದೇ
ಗೊಂಡೆಯ ಟೊಪ್ಪಿಗೆ, ಮೊಣಕಾಲು ಮುಚ್ಚುವ ಚಡ್ಡಿ,
ಎರಡು ಬಿದಿರು ನೆಟ್ಟು ನಡುವೆ ಲಾಡಿ ಬಿಗಿದ ಮೈದಾನ.

ವಿಲಾಯತಿಯಲ್ಲಿ ದೊಡ್ಡ ಕಪ್ಪಿನ ಕೊನೆಯ ದಿನ ಆಡಿದವನಂತೆ.
ಆಗಿನ ಆಟವೇ ಹಾಗೆ:
ಚೆಂಡು ಸಿಕ್ಕವನು ತಲೆ ತಗ್ಗಿಸಿ ಒಬ್ಬನೇ ಓಡಬೇಕು
ಯಾರಾದರೂ ಕಸಿಯುವವರೆಗೆ.
ಇವನು ಓಡಿದ್ದ. ಗೂಟಕ್ಕೆ ಎರಡೇ ಮಾರು ಉಳಿದಾಗ
ಎಡಗಾಲು ಜಾರಿತು.
ಸಾವಿರಾರು ಟೊಪ್ಪಿಗೆಗಳು ಒಟ್ಟಿಗೆ ನಿಟ್ಟುಸಿರಿಟ್ಟವು.
ಅದಕ್ಕೇ ಪಟ್ಟಿ. ಅದಕ್ಕೇ ಎರಡಕ್ಕೆ ಮೂರು.

ಚೆಂಡನ್ನೂ ಮುತ್ತಜ್ಜನೇ ಹೊಲಿದ.
ಒಳಗೆ ಹಂದಿಯ ಉಚ್ಚೆಚೀಲ,
ಅದಕ್ಕೆ ಚುಟ್ಟಾ ಸೇದುವ ಮಣ್ಣಿನ ಕೊಳವೆ ಸಿಕ್ಕಿಸಿ
ಸಾಹೇಬನೇ ಬಾಯಿಂದ ಊದುತ್ತಿದ್ದ,
ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುವವರೆಗೂ.

‘ಇದಕ್ಕ ಎಷ್ಟ ಕೊಡ್ತಾರ್ರೀ ನಿಮಗ?’
ಮುತ್ತಜ್ಜ ಒಮ್ಮೆ ಕೇಳಿದ.
ಬಟ್ಲರ ಸಂತಾನ ಹರಕು ಮರಾಠಿಯಲ್ಲಿ ತಿರುವಿ ಹೇಳಿದ:
ಏನೂ ಇಲ್ಲ. ಇವರು ದೊಡ್ಡ ಮನೆಯವರು,
ಆಡಿ ಕಾಸು ಮುಟ್ಟಿದರೆ ಮೈಲಿಗೆ.

ಮೂರು ಮಾರು ದೂರ ಕೂತು ಅಳತೆ ತೆಗೆಯುವವನಿಗೆ
ಮೈಲಿಗೆಯ ಪಾಠ!
ಮುತ್ತಜ್ಜ ಬಹಳ ಹೊತ್ತು ಉಳಿಗೆ ಸಾಣೆ ಹಿಡಿದ.
ಆಮೇಲೆ ಅಂದನಂತೆ:
‘ಬಿಟ್ಟಿ ಅಂದ್ರ ನನಗ ಗೊತ್ತೈತಿ.
ನಮ್ಮಪ್ಪ ವಾಡೇದವರಿಗೆ ಬಿಟ್ಟಿ ಮೆಟ್ಟು ಹೊಲದ್ ಹೊಲದ್
ಕಣ್ಣು ಕಳಕೊಂಡ.
ನಕ್ಕೋತ ಬಿಟ್ಟಿ ಮಾಡಾಂವನ್ನ ಮಾತ್ರ
ಇವನೊಬ್ಬನ್ನ ನೋಡೀನಿ.’
ಸಂತಾನ ಅದನ್ನು ತಿರುವಿ ಹೇಳಲಿಲ್ಲ.

ಆ ಶ್ರಾವಣ, ಮೂರನೇ ಪಟ್ಟಿ ಕಿತ್ತು
ಎಡ ಬೂಟು ರಿಪೇರಿಗೆ ಬಂತು. ಮಜೂರಿ ನಾಲ್ಕಾಣೆ.
ಬೂಟು ತಯಾರಾಗುವಷ್ಟರಲ್ಲಿ ಸಾಹೇಬನಿಗೆ ಜ್ವರ,
ಜ್ವರ ಒಂಬತ್ತನೇ ದಿನಕ್ಕೆ ಅವನನ್ನು ದಾಟಿಸಿತು.
ಮಣ್ಣು ಮಾಡಿ ಮೂರು ದಿನವಾದರೂ
ಬ್ಯಾರಕ್ಕಿನ ಮೂಲೆಯಲ್ಲಿ ಚೆಂಡು ಬಿಗಿಯಾಗಿಯೇ ಇತ್ತಂತೆ,
ಒಳಗೆ ಅವನದೇ ಉಸಿರು.
ಬಿಚ್ಚಲು ಒಬ್ಬರಿಗೂ ಕೈ ಬರಲಿಲ್ಲ.

ಸತ್ತ ಆಫೀಸರನ ಸಾಮಾನು ಹರಾಜು ಕೂಗುವುದು ಪಲ್ಟಣಿಯ ರೂಢಿ.
ಕುದುರೆ ಹೋಯಿತು, ಬಂದೂಕು ಹೋಯಿತು,
ಹಲ್ಲುಜ್ಜುವ ಬೆಳ್ಳಿಯ ಡಬ್ಬಿ, ಸೊಳ್ಳೆಪರದೆ.
ಒಂಟಿ ಬಲಗಾಲಿನ ಬೂಟು ಎತ್ತಿ ಹಿಡಿದಾಗ
ಯಾರೋ ಕಿಸಕ್ಕೆಂದರು.
ಬೇಲಿಯಾಚೆ
ಎಡಗಾಲಿನದನ್ನು ಕಂಕುಳಲ್ಲಿಟ್ಟುಕೊಂಡು
ಮುತ್ತಜ್ಜ ನಿಂತಿದ್ದ.
ಒಳಗೆ ಬಿಡಲಿಲ್ಲ.

ಮನೆಗೆ ಬಂದು ಗೋಡೆಗೆ ಇದ್ದಲಿನಿಂದ ನಾಲ್ಕು ಗೀಟು ಎಳೆದ.
ಪ್ರತಿ ದೀಪಾವಳಿಗೆ ಸುಣ್ಣ ಬಳಿದರು,
ಪ್ರತಿ ದೀಪಾವಳಿಗೆ ಅವನು ಮತ್ತೆ ಎಳೆದ.
ಮುದಿತನದಲ್ಲಿ ಯಾರಾದರೂ ‘ಬಿಡೋ, ಬಿಟ್ಟಿ ಹೋಯ್ತು’ ಎಂದರೆ
ಸಿಡುಕುತ್ತಿದ್ದ:
‘ಬಿಟ್ಟಿ ಅಲ್ಲೋ ಹುಚ್ಚಪ್ಯಾಲಿ, ಬಾಕಿ.’

ಬಾಗಿಲು ಹೋಗಿ ಶಟರ್ ಬಂದ ಮೇಲೆ
ಸಾಯ್ಬ ಮಾವನ ಟೆಂಪೋದ ಹಿಂದೆ ಕಟ್ಟಿಸಿಕೊಂಡು
ಲೋಣಾವಳ ಘಾಟ್ ಹತ್ತಿದ, ಇಳಿದ.
ಒಂದು ಮಳೆಗೆ ದಾಪೋಡಿಯ ಸೇತುವೆ ಬಳಿ ದಾರ ಹರಿಯಿತು.
ಮಾವ ಇಳಿದು ಹುಡುಕಲಿಲ್ಲ, ಹಿಂದಿನ ಟ್ರಕ್ಕು ಹಾರ್ನು ಒತ್ತುತ್ತಿತ್ತು.

ಮದ್ದುಗುಂಡಿನ ಕಾರ್ಖಾನೆಯಿಂದ ರಿಟೈರಾದ ವಾರ
ನಾನು ಗೋರಾ ಸ್ಮಶಾನಕ್ಕೆ ಹೋದೆ.
ಹಾವಸೆ ಕೆರೆದು ಓದಿದೆ: ಹೆಸರು, ಪಲ್ಟಣಿ, ವಯಸ್ಸು ಇಪ್ಪತ್ತೇಳು.
ಆಡುತ್ತಿದ್ದ ಎಂಬುದು ಕಲ್ಲಿನಲ್ಲಿಲ್ಲ.
ಪರ್ಸಿನಲ್ಲಿ ಚಿಲ್ಲರೆ ಇರಲಿಲ್ಲ;
ಇದ್ದರೂ, ಕೊಡಬೇಕಾದವಳು ನಾನಲ್ಲವಲ್ಲ.

ಕಾವಲುಗಾರ ರಿಜಿಸ್ಟರು ಮುಂದೆ ಮಾಡಿ ಕೇಳಿದ,
‘ಯಾರ ಕಡೆಯವರು ಬಾಯಿ?’

ಎಡಗಾಲಿನ ಕಡೆಯವಳು ಎಂದೆ.
ಅವನು ಪೆನ್ನು ಎತ್ತಿ ನನ್ನ ಕಾಲು ನೋಡಿದ.